ಖಾಲಿ ಬಿಟ್ಟ ವರ್ಷ

ನಾನಾಗ ನದಿ ಅಧ್ಯಯನದ ತಂಡವೊಂದಕ್ಕೆ ಜೀಪು ಓಡಿಸುತ್ತಿದ್ದೆ. ವಾಮದಪದವಿನ ಹತ್ತಿರ ಹೊಳೆಗೆ ಕಿಂಡಿ ಅಣೆಕಟ್ಟು ಎಷ್ಟು ಎತ್ತರ ಕಟ್ಟಬಹುದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಅದಕ್ಕೆ ಜಾಸ್ತಿ ಮಳೆ, ಕಡಿಮೆ ಮಳೆ, ಹದ ಮಳೆ ಎಲ್ಲವೂ ಇರುವ ಹತ್ತು ವರ್ಷಗಳನ್ನು ಆರಿಸಬೇಕಂತೆ. ಇಂಜಿನಿಯರ್ ಮೇಡಂ ಹೊಳೆಬದಿಯ ಕಮಲಕ್ಕನ ಅಂಗಳದಲ್ಲಿ ಕೂತು, ಆರಿಸಿದ ವರ್ಷಗಳನ್ನು ಓದಿದರು. ಮಂಜು ಇನ್ನೂ ಗದ್ದೆಯ ಮೇಲೆ ಮಲಗಿತ್ತು. ಆ ವರ್ಷಗಳು ಒಂದೊಂದಾಗಿ ಅದರೊಳಗೆ ನಡೆದುಹೋದ ಹಾಗೆ ನನಗೆ ಕಂಡಿತು.

“ನಮ್ಮ ಗದ್ದೆ ಮುಳುಗಿದ ವರ್ಷ ಇದರಲ್ಲಿ ಇಲ್ವಲ್ಲ?” ಎಂದರು ಕಮಲಕ್ಕ.

“ಅದನ್ನು ಬಿಟ್ಟಿದ್ದೇವೆ ಕಮಲಕ್ಕ. ಆ ಮಳೆಗಾಲದ ನೀರಿನ ಅಳತೆಯೇ ಇಲ್ಲ, ಪುಸ್ತಕ ಖಾಲಿ ಉಂಟು.”

“ಖಾಲಿ ಇರದೆ ಮತ್ತೆ? ಅಳತೆಯ ಕಂಬವನ್ನೇ ಹೊಳೆ ಕೊಂಡುಹೋಗಿತ್ತು ಮಾರಾಯ್ರೆ! ಆ ವರ್ಷ ಬಿಟ್ಟು ಅಣೆಕಟ್ಟು ಕಟ್ಟಿದರೆ ಗದ್ದೆಯ ಒಟ್ಟಿಗೆ ನಾನೂ ಹೋಗ್ತೇನೆ. ಬನ್ನಿ ಇಲ್ಲಿ.”

ದನದ ಹಟ್ಟಿಯ ಗೋಡೆಯಲ್ಲಿ, ನನ್ನ ಎದೆಯ ಎತ್ತರಕ್ಕೆ, ಕೆಸರಿನ ಕೆಂಪು ಗೆರೆ ಇತ್ತು. ಪ್ರತಿ ದೀಪಾವಳಿಗೆ ಸುಣ್ಣ ಬಳಿಯುವಾಗ ಅದೊಂದನ್ನು ಹಾಗೇ ಬಿಡುತ್ತಾರಂತೆ. ಮೇಡಂ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಅಳೆದಾದ ಮೇಲೆ ಪಟ್ಟಿಯಿಂದ ಒಂದು ವರ್ಷ ಹೊಡೆದುಹಾಕಿ, ಆ ಖಾಲಿ ವರ್ಷವನ್ನು ಬರೆದುಕೊಂಡರು.

ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲೂ ಏಳನೇ ಕ್ಲಾಸಿನ ಅರ್ಧದಿಂದ ನನ್ನ ಹೆಸರಿನ ಮುಂದೆ ಹೀಗೇ ಖಾಲಿ. ಯಾಕೆಂದು ಕೇಳಲು ಯಾರೂ ಟೇಪು ಹಿಡಿದು ಬರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆ: ಅಲ್ಲಿಯೂ ಹೊಳೆಯದ್ದೇ ಕೆಲಸ, ಕ್ಲಾಸು ಬಿಟ್ಟು ದಿನಾ ಈಜಲು ಹೋಗುತ್ತಿದ್ದೆ.