ಇದ್ದದ್ದನ್ನು ಇದ್ದಂತೆ ಓದಿದ ಡೋರ್ಕಸ್

ನಮ್ಮ ಗೋಷೆನ್ ಊರು ಹುಟ್ಟಿದ್ದೇ ಒಂದು ಸುಳ್ಳು ಓದಿನಿಂದ. ಅಮೆರಿಕದ ಕೆಂಟಕಿಯಲ್ಲಿ ಗುಲಾಮಗಿರಿ ಮುಗಿದಿತ್ತು, ಹೊಟ್ಟೆಪಾಡು ಮಾತ್ರ ಮುಗಿದಿರಲಿಲ್ಲ. ಅದೇ ಧಣಿಯ ಅದೇ ಹೊಗೆಸೊಪ್ಪಿನ ಹೊಲದಲ್ಲಿ ಬೆನ್ನು ಬಗ್ಗಿಸಿಕೊಂಡಿದ್ದ ನಮ್ಮವರ ಕೈಗೆ ಒಂದು ದಿನ ಕರಪತ್ರ ಬಂತು. ಕ್ಯಾನ್ಸಸ್ಸಿನ ಬಯಲಲ್ಲಿ ಕರಿಯರಿಗಾಗಿಯೇ ಒಂದು ಊರು ಕಟ್ಟುತ್ತಿದ್ದಾರೆ ಎಂದು ಅದರಲ್ಲಿ ಅಚ್ಚಾಗಿತ್ತು. ಅಷ್ಟೂ ಜನರಲ್ಲಿ ಅಕ್ಷರ ಕೂಡಿಸಿ ಓದಬಲ್ಲವನು ಎಲ್ಕಾನಾ ಒಬ್ಬನೇ. ಅವನು ಮರದ ಬೊಡ್ಡೆ ಹತ್ತಿ ನಿಂತು ಓದಿದ. ಕಾಡಿದೆ, ಮೀನು ತುಂಬಿದ ಹೊಳೆಯಿದೆ, ಮಾಡು ಹೊದಿಸಿದ ಮನೆಗಳು ಕಾದು ನಿಂತಿವೆ ಎಂದ. ಜನ ಮಕ್ಕಳುಮರಿ ಕಟ್ಟಿಕೊಂಡು ಹೊರಟೇಬಿಟ್ಟರು.

ಬಂದು ನೋಡಿದರೆ ಕಣ್ಣು ಹಾಯುವಷ್ಟು ದೂರಕ್ಕೂ ಒಂದು ಮರವಿಲ್ಲ. ನೆಲದಿಂದಲೇ ಹೊಗೆ ಏಳುತ್ತಿತ್ತು. ಹತ್ತಿರ ಹೋಗಿ ನೋಡಿದಾಗ ಮೊದಲೇ ಬಂದವರು ಬಿಲ ತೋಡಿಕೊಂಡು ಒಳಗೆ ಸಂಸಾರ ಮಾಡುತ್ತಿದ್ದರು. ಹೆಂಗಸರು ಗಂಟುಮೂಟೆ ಇಳಿಸದೆ ಅಲ್ಲೇ ಕುಳಿತು ಅತ್ತರು. ಕರಪತ್ರದಲ್ಲಿ ಕಾಡೂ ಇರಲಿಲ್ಲ, ಹೊಳೆಯೂ ಇರಲಿಲ್ಲ, ಎಲ್ಲ ಎಲ್ಕಾನಾನ ಬಾಯಲ್ಲೇ ಹುಟ್ಟಿದ್ದು ಎಂದು ಆಮೇಲೆ ತಿಳಿಯಿತು. ಒಬ್ಬನೇ ಬರಲು ಹೆದರಿಕೆಯಾಗಿ ಎಲ್ಲರನ್ನೂ ಹೊರಡಿಸಿದನಂತೆ, ಪುಣ್ಯಾತ್ಮ.

ಆ ಚಳಿಗಾಲ ಡೋರ್ಕಸ್ ಓದು ಕಲಿಯಲು ಕುಳಿತಳು. ಆಗ ಅವಳಿಗೆ ಮೂವತ್ತು ದಾಟಿತ್ತು. ಹಗಲೆಲ್ಲ ಗಂಡ ಆಂಬ್ರೋಸನ ಜೊತೆ ಹುಲ್ಲುನೆಲವನ್ನು ಇಟ್ಟಿಗೆಯಂತೆ ಕತ್ತರಿಸಿ ಗೋಡೆ ಏರಿಸುವುದು, ಬೆರಳೆಲ್ಲ ಸೀಳಿ ರಕ್ತ. ಸಂಜೆ ನಮಗಿಂತ ಮೊದಲೇ ಬಂದಿದ್ದ ಪಾದ್ರಿಯ ಹೆಂಡತಿಯ ಒಲೆಯ ಮುಂದೆ ಕುಳಿತು ಅದೇ ಬೆರಳನ್ನು ಅಕ್ಷರದ ಮೇಲೆ ಇಡುವುದು. ಈ ವಯಸ್ಸಲ್ಲಿ ಯಾಕೆ ಈ ಪಾಡು ಎಂದು ಯಾರೋ ಕೇಳಿದ್ದಕ್ಕೆ, ಇನ್ನೊಬ್ಬರು ಓದಿದ್ದನ್ನು ನಂಬಿ ಇನ್ನೊಂದು ಸಲ ಗಾಡಿ ಹತ್ತಲಾರೆ ಎಂದಳು. ವಸಂತ ಬರುವ ಹೊತ್ತಿಗೆ ಅವಳು ಊರಿಗೆಲ್ಲ ಓದುವವಳಾದಳು.

ನಮ್ಮಲ್ಲಿ ಓದುವುದಕ್ಕೂ ಒಂದು ರೀತಿಯಿತ್ತು. ಚರ್ಚಿಗೆ ಇದ್ದದ್ದು ಒಂದೇ ಕೀರ್ತನೆಯ ಪುಸ್ತಕ. ಮುಂದೆ ನಿಂತವರು ಒಂದು ಸಾಲು ಹೇಳಿಕೊಡುತ್ತಿದ್ದರು, ಕುಳಿತವರೆಲ್ಲ ಅದನ್ನೇ ಎತ್ತಿ ಹಾಡುತ್ತಿದ್ದರು. ಅಪ್ಪಅಜ್ಜಂದಿರ ಕಾಲದಿಂದ ಬಂದ ಅಭ್ಯಾಸ ಅದು. ಹಾಗಾಗಿ ಭಾನುವಾರ ಪ್ರಾರ್ಥನೆ ಮುಗಿದು ಡೋರ್ಕಸ್ ಪತ್ರಿಕೆಯನ್ನೋ ಪುಸ್ತಕವನ್ನೋ ಹಿಡಿದು ನಿಂತರೂ ಜನ ಅದನ್ನೇ ಮಾಡುತ್ತಿದ್ದರು. ಅವಳು ಒಂದು ಸಾಲು ಓದುವುದು, ಊರೆಲ್ಲ ಅದನ್ನು ಹೇಳುವುದು. ಗೋಧಿಯ ಧಾರಣೆಯನ್ನೂ ರಾಗವಾಗಿ ಹೇಳುತ್ತಿದ್ದರು. ಹೀಗೆ ಹೇಳಿದ್ದು ಮನಸ್ಸಿನಲ್ಲಿ ಉಳಿಯುತ್ತದೆ, ಸುಮ್ಮನೆ ಕೇಳಿದ್ದು ಬಾಗಿಲು ದಾಟುವಷ್ಟರಲ್ಲಿ ಹಾರಿಹೋಗುತ್ತದೆ ಎಂಬುದು ನಮ್ಮವರ ನಂಬಿಕೆ.

ಡೋರ್ಕಸ್ ಒಂದು ಅಕ್ಷರ ಸೇರಿಸುವವಳಲ್ಲ, ಒಂದು ಅಕ್ಷರ ನುಂಗುವವಳಲ್ಲ. ಇದು ಊರಿಗೆ ಖಾತ್ರಿಯಾದದ್ದು ಬೇಸ್‌ಬಾಲಿನಿಂದ. ನಮ್ಮ ಹುಡುಗರು ಗುಲಾಮಗಿರಿ ತೊಲಗಿದ ಹಬ್ಬದ ದಿನ ರೈಲು ನಿಲ್ಲುವ ಪಕ್ಕದೂರಿನ ಬಿಳಿಯರ ಮೇಲೆ ಆಡಿದರು. ಕೈಗವಸಿಲ್ಲ, ಬರಿಗೈ. ಚೆಂಡು ಎಸೆಯುವವನು ಆಂಬ್ರೋಸ್. ಸೋತರು, ಅದೂ ಸಣ್ಣ ಸೋಲಲ್ಲ. ಮುಂದಿನ ವಾರ ಆ ಊರಿನ ಪತ್ರಿಕೆ ಬಂತು. ಡೋರ್ಕಸ್ ಎದ್ದು ನಿಂತು ಓದಿದಳು: "ಗೋಷೆನ್ನಿನ ಆಂಬ್ರೋಸನು ಕೋಳಿಗಳಿಗೆ ಕಾಳೆರಚುವ ಹೆಂಗಸಿನಂತೆ ಚೆಂಡನ್ನು ಎಸೆದನು." ಊರೆಲ್ಲ ಅಭ್ಯಾಸಬಲದಿಂದ ಒಂದೇ ದನಿಯಲ್ಲಿ ಹೇಳಿತು, ಕೋಳಿಗಳಿಗೆ ಕಾಳೆರಚುವ ಹೆಂಗಸಿನಂತೆ. ಆಂಬ್ರೋಸ್ ಮುಂದಿನ ಬೆಂಚಿನಲ್ಲೇ ಇದ್ದ. ಮನೆಗೆ ಬಂದು, ಆ ಒಂದು ಸಾಲು ಬಿಟ್ಟಿದ್ದರೆ ಆಕಾಶ ಕಳಚಿ ಬೀಳುತ್ತಿತ್ತಾ ಎಂದು ಕೇಳಿ, ಗೋಡೆಗೆ ಮುಖಮಾಡಿ ಮಲಗಿದ. ಬಿಡುತ್ತಾ ಹೋದರೆ ತಾನೂ ಎಲ್ಕಾನಾನಂತೆ ಆಗುವೆನೆಂದು ಅವಳು ಹೇಳಿದಳು. ಎರಡು ಬೇಸಿಗೆ ಕಳೆದು ಅದೇ ಬಿಳಿಯರನ್ನು ಸೋಲಿಸಿ ಅವರು ಕೊಟ್ಟ ಹೂಕೊರೆದ ಗಾಜಿನ ಹೂಜಿಯನ್ನು ಎದೆಗವಚಿಕೊಂಡು ಬರುವವರೆಗೂ ಆಂಬ್ರೋಸನನ್ನು ಊರು ಕೋಳಿ ಅಣ್ಣ ಎಂದೇ ಕರೆಯಿತು.

ಆ ಹೂಜಿಯನ್ನು ಆಟಗಾರರು ಕೆಜಾಯಾ ಅಜ್ಜಿಗೆ ಕೊಟ್ಟರು. ಊರಿನ ಹೆಂಗಸರಲ್ಲೆಲ್ಲ ಹಿರಿಯಳು, ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣದು. ಹೂಜಿಯ ಮೇಲಿನ ಹೂವನ್ನು ಬೆರಳಿನಿಂದ ಸವರುತ್ತಾ ಕೂರುವುದೆಂದರೆ ಅವಳಿಗೆ ಪ್ರಾಣ. ನೀರು ಕುಡಿದರೆ ಅದರಲ್ಲೇ. ಮಿಕ್ಕ ನಮಗೆಲ್ಲ ತಗಡಿನ ಲೋಟ, ತಗಡಿನ ತಟ್ಟೆ. ಗಾಜು, ಪಿಂಗಾಣಿ ಎಂದರೆ ಆ ಹೂಜಿಯೊಂದೇ.

ಅಜ್ಜಿಯನ್ನು ಕೆಂಟಕಿಯಿಂದ ಬಂದವರು ಬೆನ್ನ ಹಿಂದೆ ಹುಚ್ಚಿಯ ಮಗಳು ಎನ್ನುತ್ತಿದ್ದರು. ಅವಳ ತಾಯಿ ಆಫ್ರಿಕಾದಿಂದ ಹಡಗಿನಲ್ಲಿ ಬಂದವಳು. ಕೆಜಾಯಾಳ ತಮ್ಮ ಕೂಸಾಗಿದ್ದಾಗಲೇ ಸತ್ತ. ಹೂಳಿದ ಮೇಲೆ ತಾಯಿ ಮನೆಗೆ ಓಡಿ, ಇದ್ದ ಒಂದೇ ಒಂದು ಮಣ್ಣಿನ ಬಟ್ಟಲನ್ನು ತಂದು, ಗೋರಿಯ ಮೇಲೆ ಕುಕ್ಕಿ ಒಡೆದಳಂತೆ. ಧಣಿಯ ಸಾಮಾನು ಒಡೆದಳೆಂದು ಮೇಸ್ತ್ರಿ ಹೊಡೆದ. ತಲೆಕೆಟ್ಟ ಹೆಂಗಸು ಎಂದು ಬರೆಸಿ ದಕ್ಷಿಣಕ್ಕೆ ಮಾರಿದರು. ಕೆಜಾಯಾ ಆಗ ಚಿಕ್ಕ ಹುಡುಗಿ. ತಾಯಿಯ ಮುಖ ಅವಳಿಗೆ ನೆನಪಿಲ್ಲ, ಬಟ್ಟಲು ಒಡೆದ ಸದ್ದು ನೆನಪಿದೆ.

ಬೇಸಿಗೆಯ ಕೊನೆಯಲ್ಲಿ ಊರಿಂದೂರಿಗೆ ತಿರುಗುವ ಪಾದ್ರಿಯೊಬ್ಬರು ಹಳೆ ಪುಸ್ತಕಗಳ ಪೆಟ್ಟಿಗೆ ಬಿಟ್ಟುಹೋದರು. ಅದರಲ್ಲಿ ಒಂದು, ಆಫ್ರಿಕಾದ ನದಿಯೊಂದರ ಮೇಲೆ ದೋಣಿಯಲ್ಲಿ ತಿರುಗಿದ ಬಿಳಿಯನೊಬ್ಬ ಬರೆದದ್ದು. ಸುದ್ದಿ ತಿಳಿದ ಅಜ್ಜಿ ಡೋರ್ಕಸಳಿಗೆ ಹೇಳಿಕಳುಹಿಸಿದಳು. ಹಾಸಿಗೆ ಹಿಡಿದು ಆಗಲೇ ಬಹಳ ದಿನವಾಗಿತ್ತು.

"ಮಗಾ, ನನಗೆ ಒಂದೇ ಒಂದು ತಿಳೀಬೇಕು," ಎಂದಳು. "ಆ ಕಡೆ ಜನ ಬಟ್ಟಲು ಒಡೀತಾರಾ? ಇಲ್ಲ ನಮ್ಮಮ್ಮಂಗೆ ನಿಜವಾಗ್ಲೂ ತಲೆ ಕೆಟ್ಟಿತ್ತಾ? ಸಾಯೋದ್ರೊಳಗೆ ಹೇಳ್ಬಿಡು. ಮೇಲೆ ಹೋದಾಗ ಸಿಕ್ತಾಳಲ್ಲ, ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ಡೋರ್ಕಸ್ ಅಜ್ಜಿಯ ಕೈ ಹಿಡಿದುಕೊಂಡು, ಹುಡುಕುತ್ತೇನೆ ಎಂದು ಎದ್ದು ಬಂದಳು.

ಭಾನುವಾರ ಓದುವುದನ್ನು ಶನಿವಾರವೇ ಒಮ್ಮೆ ನೋಡಿಟ್ಟುಕೊಳ್ಳುವುದು ಅವಳ ಪದ್ಧತಿ. ವಾರ ವಾರವೂ ಹುಡುಕಿದಳು. ನದಿ, ಮೊಸಳೆ, ಗೆಣಸಿನ ಹೊಲ, ಸಂತೆ, ಮಕ್ಕಳಿಗೆ ಹೆಸರಿಡುವ ಹಬ್ಬ ಎಲ್ಲ ಬಂತು. ಜನ ಬಾಯಿಬಿಟ್ಟುಕೊಂಡು ಕೇಳಿದರು, ಸಾಲು ಸಾಲಾಗಿ ಹೇಳಿದರು. ಬಟ್ಟಲು ಬರಲಿಲ್ಲ. ಅಜ್ಜಿ ಪ್ರತಿ ಭಾನುವಾರವೂ ಬೆಂಚಿನ ಮೇಲೆ ಹಾಸಿದ ಕೌದಿಯಲ್ಲಿ ಮಲಗಿ ಕೇಳಿ, ಮನೆಗೆ ಹೋಗುತ್ತಿದ್ದಳು. ಹೋಗುವಾಗ ಅವಳನ್ನು ಎತ್ತಿಕೊಳ್ಳುತ್ತಿದ್ದ ಆಂಬ್ರೋಸ್, ವಾರದಿಂದ ವಾರಕ್ಕೆ ಹಗುರವಾಗುತ್ತಿದ್ದಾಳೆ ಎಂದು ಹೆಂಡತಿಗೆ ಹೇಳುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ಬಟ್ಟಲು ಸಿಕ್ಕಿತು. ಬರೆದವನು ಕಾರಿಕೊಂಡಿದ್ದ ವಿಷ ಅಷ್ಟಿಷ್ಟಲ್ಲ. ಈ ಸಾಲುಗಳನ್ನು ಓದಿದರೆ ಊರೆಲ್ಲ ತನ್ನ ಬಾಯಿಂದಲೇ ತನ್ನ ಅಜ್ಜಿಯರನ್ನು ಬೈಯಬೇಕು, ಅದೂ ದೇವರ ಮನೆಯಲ್ಲಿ, ರಾಗವಾಗಿ. ಬೈಗುಳ ಬಿಟ್ಟು ಬಟ್ಟಲನ್ನಷ್ಟೇ ಓದಿದರಾಯಿತಲ್ಲ ಎಂದುಕೊಂಡಳು. ಅವಳ ಜನ್ಮದಲ್ಲಿ ಮೊದಲ ಸಲ ಅಂಥ ಯೋಚನೆ ಬಂದದ್ದು. ಪುಸ್ತಕ ಶಾಲಿನೊಳಗೆ ಮುಚ್ಚಿಕೊಂಡು ನೇರ ಅಜ್ಜಿಯ ಮನೆಗೆ ನಡೆದಳು.

"ಸಿಕ್ತು ಅಜ್ಜಿ. ಒಡೀತಾರಂತೆ. ನಿಮ್ಮಮ್ಮ ಸರಿಯಾಗೇ ಇದ್ರು."

ಅಜ್ಜಿಯ ಕಣ್ಣೀರು ಇಳಿದು ಕಿವಿಯ ಕಡೆ ಹೋಯಿತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

"ನಾಳೆ ಎಲ್ಲರ ಮುಂದೆ ಓದು," ಎಂದಳು ಕೊನೆಗೆ.

ಬರೆದ ರೀತಿ ಚೆನ್ನಾಗಿಲ್ಲ, ಬಾಯಿಗೆ ಬಂದಂತೆ ಬೈದಿದ್ದಾನೆ, ಬೈಗುಳವನ್ನು ಬಿಟ್ಟು ಓದುತ್ತೇನೆ ಎಂದು ಡೋರ್ಕಸ್ ಹೇಳಿದಳು. ಅಜ್ಜಿ ಬೇಡವೆಂದು ತಲೆಯಾಡಿಸಿದಳು.

"ಬಿಟ್ಟು ಓದಿದ್ರೆ, ಮುದುಕಿ ಸಾಯ್ತಾ ಇದಾಳೆ, ಪಾಪ ಅಂತ ಡೋರ್ಕಸ್ ಕಟ್ಟಿ ಹೇಳಿದ್ಲು ಅಂತಾರೆ. ಎಲ್ಕಾನಾ ಮೊದ್ಲು ಅಂತಾನೆ. ಬೈದಿರೋನೇ ನಂಗೆ ಸಾಕ್ಷಿ ಕಣೆ. ನಮ್ಮನ್ನ ಕಂಡ್ರಾಗದವನು ನಮಗೋಸ್ಕರ ಯಾಕೆ ಸುಳ್ಳು ಬರೀತಾನೆ? ಇದ್ದಿದ್ದನ್ನ ಇದ್ದ ಹಾಗೆ ಓದು."

ಮರುದಿನ ಮಣ್ಣಿನ ಚರ್ಚು ತುಂಬಿತ್ತು. ಅಜ್ಜಿಯನ್ನು ಮುಂದಿನ ಬೆಂಚಿನಲ್ಲಿ ಮಲಗಿಸಿದ್ದರು. ಡೋರ್ಕಸ್ ಪುಸ್ತಕ ತೆರೆದಳು.

"ಈ ಕಾಡುಜನರಿಗೆ ದುಃಖವೆಂದರೇನೆಂದು ತಿಳಿಯದು," ಎಂದು ಓದಿದಳು.

ಈ ಕಾಡುಜನರಿಗೆ ದುಃಖವೆಂದರೇನೆಂದು ತಿಳಿಯದು, ಎಂದು ಊರು ಎತ್ತಿಕೊಂಡಿತು. ಅರ್ಧಕ್ಕೆ ಬರುವಷ್ಟರಲ್ಲಿ ತಾವೇನು ಹೇಳುತ್ತಿದ್ದೇವೆಂದು ಕೆಲವರಿಗೆ ಹೊಳೆಯಿತು. ದನಿ ಅಲ್ಲಲ್ಲಿ ಕಡಿದುಹೋಯಿತು. ಕೊನೆಯ ಮಾತನ್ನು ಇಬ್ಬರೋ ಮೂವರೋ ಹೇಳಿ, ನಾಚಿ, ಬಾಯಿ ಮುಚ್ಚಿಕೊಂಡರು.

"ಸತ್ತವರು ಉಂಡ ಬಟ್ಟಲನ್ನು ತಂದು ಗೋರಿಯ ಮೇಲೆ ಒಡೆಯುತ್ತಾರೆ."

ಯಾರೂ ಹೇಳಲಿಲ್ಲ. ಕೆಂಟಕಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮೌನದಲ್ಲಿ ಕೆಜಾಯಾ ಅಜ್ಜಿ ಕೌದಿಯೊಳಗಿಂದ, ಒಡಕು ದನಿಯಲ್ಲಿ, ಒಬ್ಬಳೇ ಆ ಸಾಲನ್ನು ಹೇಳಿದಳು. ಸತ್ತವರು ಉಂಡ ಬಟ್ಟಲನ್ನು ತಂದು ಗೋರಿಯ ಮೇಲೆ ಒಡೆಯುತ್ತಾರೆ.

"ಹೆತ್ತ ತಾಯಿಯೂ ತನ್ನ ಕೂಸಿನ ಗೋರಿಯ ಮೇಲೆ ಒಳ್ಳೆಯ ಬಟ್ಟಲನ್ನು ಒಡೆದುದನ್ನು ಕಣ್ಣಾರೆ ಕಂಡೆನು. ಇದು ಬುದ್ಧಿಯಿಲ್ಲದ ಮೃಗಗಳ ನಡತೆ."

ಅದನ್ನೂ ಅಜ್ಜಿ ಒಬ್ಬಳೇ ಹೇಳಿದಳು, ಮೃಗಗಳ ನಡತೆ ಎನ್ನುವವರೆಗೂ. ಡೋರ್ಕಸಳಿಗೆ ಮುಂದೆ ಓದಲಾಗಲಿಲ್ಲ.

ಹಿಂದಿನಿಂದ ಎಲ್ಕಾನಾ ಎದ್ದು ಬಂದ. ಬಾಗಿದ ಬೆನ್ನು, ನೆರೆತ ಗಡ್ಡ. ಕರಪತ್ರದ ದಿನದಿಂದ ಅವನನ್ನು ಓದು ಎಂದು ಕೇಳಿದವರಿಲ್ಲ. ಪುಸ್ತಕ ಕೊಡು ಎಂದು ಕೈ ಚಾಚಿದ. ಡೋರ್ಕಸ್ ಕ್ಷಣಹೊತ್ತು ಹಿಂಜರಿದು ಕೊಟ್ಟಳು. ಅವನು ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. ಹೆತ್ತ, ತಾಯಿಯೂ, ತನ್ನ, ಕೂಸಿನ. ಬಟ್ಟಲು ಎಂಬಲ್ಲಿ ಬೆರಳು ನಿಂತಿತು.

"ಇಲ್ಲಿ ಇದೆ," ಎಂದ ಜನರ ಕಡೆ ತಿರುಗಿ. "ಅವಳು ಕಟ್ಟಿ ಹೇಳಿದ್ದಲ್ಲ." ಆಮೇಲೆ ತಲೆ ತಗ್ಗಿಸಿದ. "ಅವತ್ತು ಗೋರಿ ಹತ್ರ ನಾನೂ ಇದ್ದೆ, ಆಗಿನ್ನೂ ಹುಡುಗ. ಮೊದ್ಲು ನಕ್ಕಿದ್ದು ನಾನೇ. ಹುಚ್ಚಿ ಅಂದಿದ್ದೂ ನಾನೇ. ನನ್ನ ಬಾಯಿಂದ ಎಲ್ಲರ ಬಾಯಿಗೂ ಹೋಯ್ತು."

ಪುಸ್ತಕವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಓದುವ ದನಿಯಲ್ಲೇ ಹೇಳಿದ:

"ಕೆಜಾಯಾಳ ತಾಯಿಗೆ ಹುಚ್ಚಿರಲಿಲ್ಲ."

ಆ ಸಾಲು ಪುಸ್ತಕದಲ್ಲಿರಲಿಲ್ಲ. ಡೋರ್ಕಸಳಿಗೆ ಗೊತ್ತು, ಊರಿಗೂ ಗೊತ್ತು. ಓದಿನೊಳಗೆ ಮಾತು ಸೇರಿಸಿ ನಮ್ಮನ್ನು ಈ ಬಯಲಿಗೆ ತಂದವನೇ ಈಗ ಮತ್ತೊಂದು ಸೇರಿಸಿದ್ದ. ಎಲ್ಲರೂ ಡೋರ್ಕಸಳ ಕಡೆ ನೋಡಿದರು. ತಪ್ಪು ಓದಿದರೆ ತಡೆಯುವವಳು ಅವಳೇ ತಾನೆ? ಅವಳು ತಡೆಯಲಿಲ್ಲ. ಕೆಜಾಯಾಳ ತಾಯಿಗೆ ಹುಚ್ಚಿರಲಿಲ್ಲ ಎಂದು ಮೊದಲು ಅವಳೇ ಹೇಳಿದಳು. ಆಗ ಊರೆಲ್ಲ ಎದ್ದು ನಿಂತು, ಕೀರ್ತನೆಗೆ ಎತ್ತುವ ದನಿಯಲ್ಲಿ ಹೇಳಿತು. ಹೊರಗೆ ಕಟ್ಟಿದ್ದ ಹೇಸರಗತ್ತೆಗಳು ಬೆಚ್ಚಿಬಿದ್ದವು. ಅಜ್ಜಿ ಇನ್ನೊಂದು ಸಲ ಎಂದಳು. ಇನ್ನೊಂದು ಸಲ ಹೇಳಿದರು.

ಮೊದಲ ಹಿಮ ಬೀಳುವ ಮುಂಚೆ ಅಜ್ಜಿ ತೀರಿಕೊಂಡಳು. ಆಂಬ್ರೋಸನೂ ಅವನ ಆಟದ ಹುಡುಗರೂ ಗುಂಡಿ ತೋಡಿದರು. ಮಣ್ಣು ಮುಚ್ಚಿದ ಮೇಲೆ ಜನ ಕದಲದೆ ನಿಂತರು. ಡೋರ್ಕಸ್ ಅಜ್ಜಿಯ ತಗಡಿನ ತಟ್ಟೆಯನ್ನು ತಂದಿದ್ದಳು. ತಗಡು ಒಡೆಯುವುದಿಲ್ಲ ಎಂಬುದು ಅಲ್ಲಿ ನಿಂತ ಮೇಲೆ ಅವಳಿಗೆ ಹೊಳೆದದ್ದು. ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತುಬಿಟ್ಟಳು.

ಆಂಬ್ರೋಸ್ ಅಜ್ಜಿಯ ಮನೆಯ ಕಡೆ ನಡೆದ. ಬರುವಾಗ ಕೈಯಲ್ಲಿ ಗಾಜಿನ ಹೂಜಿಯಿತ್ತು. ನಮ್ಮೂರು ಬಿಳಿಯರಿಂದ ಗೆದ್ದು ತಂದದ್ದು ಅದೊಂದೇ. ತಳದಲ್ಲಿ ಅಜ್ಜಿ ಕುಡಿದು ಮಿಗಿಸಿದ ಗುಟುಕು ನೀರು ಇನ್ನೂ ಇತ್ತು. ಅವನು ಆಟದ ಹುಡುಗರ ಕಡೆ ನೋಡಿದ. ಅವರು ಟೋಪಿ ತೆಗೆದರು. ಹೂಜಿಯನ್ನು ಹೆಂಡತಿಯ ಕೈಗೆ ಕೊಟ್ಟು, "ಒಡಿ," ಎಂದ.

ಡೋರ್ಕಸ್ ಒಡೆದಳು.