ಕತ್ತಿನಲ್ಲಿದ್ದ ಕ್ಯಾಮೆರಾ

ಡೆಟ್ರಾಯಿಟ್‌ನ ಒಂದು ಕಪ್ಪು ಜನರ ಬಡಾವಣೆ. ಚರ್ಚಿನ ನೆಲಮಾಳಿಗೆಯಲ್ಲಿ ಹಿರಿಯರು ಹಳೆಯ ಫೋಟೋಗಳನ್ನು ಹರಡಿಕೊಂಡು ತಮ್ಮ ಬೀದಿಯ ಕತೆಯನ್ನು ಟೇಪ್ ರೆಕಾರ್ಡರಿಗೆ ಹೇಳುತ್ತಿದ್ದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಮಾತು ನಿಂತಿತು. ಎಲ್ಲರ ಕಣ್ಣೂ ನನ್ನ ಕತ್ತಿನ ಕ್ಯಾಮೆರಾ ಮೇಲೆ.

“ಮುಚ್ಚಿಡೋ ಅದನ್ನ,” ಕರೆತಂದಿದ್ದ ಗೆಳೆಯ ಮೂರ್ತಿ ಪಿಸುಗುಟ್ಟಿದ. “ಇಲ್ಲಿ ಮನೆ ಕೆಡವೋರು ಮೊದಲು ಬಂದು ಫೋಟೋ ತೆಗೀತಾರೆ.”

ಕಾರಿನಲ್ಲೇ ಹೇಳಬಾರದಿತ್ತೇ, ಮಹಾರಾಯ!

ರೆಕಾರ್ಡರ್ ಪಕ್ಕದ ಅಜ್ಜಿ ಕೈ ಚಾಚಿದರು. ಕ್ಯಾಮೆರಾ ಕೊಟ್ಟೆ. ಫಿಲ್ಮ್ ಎಳೆದು ಹಾಳು ಮಾಡುತ್ತಾರೆ ಎಂದುಕೊಂಡೆ. ಅವರು ನನ್ನನ್ನೇ ಗೋಡೆಯ ಮುಂದೆ ನಿಲ್ಲಿಸಿ ಕ್ಲಿಕ್ಕಿಸಿದರು.

“ಪ್ರಿಂಟ್ ಕಳಿಸು. ಯಾರು ಬಂದಿದ್ರು ಅಂತ ನಮ್ಮ ಹತ್ರಾನೂ ಇರ್ಲಿ.” ಮೈಕನ್ನು ನನ್ನ ಮುಂದೆ ಹಿಡಿದರು. “ಈಗ ಹೆಸರು ಹೇಳು. ಯಾಕೆ ಬಂದೆ, ಅದನ್ನೂ ಹೇಳು.”

ಹೆಸರು ಹೇಳಿದೆ. ಆಮೇಲೆ ಟೇಪ್ ಸುಮ್ಮನೆ ಸುತ್ತುತ್ತಿತ್ತು.