ಹುಡುಗಿ ಅಡ್ಡಿಲ್ಲೆ

ಹೊಗಳುವ ವಿಷಯದಲ್ಲಿ ನನ್ನದು ಧಾರಾಳ ಕೈ. ಇಡ್ಲಿ ಮೆತ್ತಗಿದ್ದರೆ 'ಅದ್ಭುತ' ಅನ್ನುತ್ತೇನೆ. ಪಕ್ಕದ ಮನೆಯ ಮಗು ಎರಡು ಸಾಲು ಹಾಡಿದರೆ 'ಅಮೋಘ'. ಕೊಟ್ಟದ್ದು ಅಷ್ಟಿಷ್ಟಾದರೂ ಹಿಂದಕ್ಕೆ ಬರಲಿ ಎಂಬ ಆಸೆಯೂ ಒಳಗೊಳಗೇ ಇದೆ. ಮೈಸೂರಿನಲ್ಲಿ ಬಹಳ ಕಾಲ ಕನ್ನಡ ಮೇಷ್ಟರಾಗಿದ್ದವನು ನಾನು. ವಿಶೇಷಣವಿಲ್ಲದ ವಾಕ್ಯ ಕಂಡರೆ ಉಪ್ಪಿಲ್ಲದ ಪಲ್ಯ ತಿಂದ ಹಾಗಾಗುತ್ತದೆ.

ಇಂಥವನು ಹೋದ ಡಿಸೆಂಬರಿನಲ್ಲಿ ಕುಂದಾಪುರದಾಚೆ ನಾವುಂದದ ಕಡೆಯ ಒಂದು ಮನೆಗೆ ಸಂಬಂಧ ಮಾತಾಡಲು ಹೋದೆ. ನನ್ನ ಮಗಳು ಬ್ರಹ್ಮಾವರದ ಹತ್ತಿರ ದನದ ಡಾಕ್ಟರು. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಹುಡುಗನನ್ನು ತಾನೇ ಮೆಚ್ಚಿಕೊಂಡಿದ್ದಳು. ಹುಡುಗ ನಮಗೂ ಹಿಡಿಸಿದ್ದ. ಆದರೂ ಅಪ್ಪ ಆ ಮನೆಯನ್ನು ಕಣ್ಣಾರೆ ನೋಡಿ ಹೂಂ ಅಂದರೆ ಮಾತ್ರ ಮದುವೆ ಎಂದು ಪಟ್ಟು ಹಿಡಿದಿದ್ದಳು. ಮಂಡಿನೋವಿನ ಹೆಂಡತಿ ಮೈಸೂರಿನಲ್ಲೇ ಉಳಿದು, ತನ್ನ ಪಾಲಿನ ಹೂಂ ಕೂಡ ನನಗೇ ಒಪ್ಪಿಸಿದಳು.

ಬ್ರಹ್ಮಾವರದಲ್ಲಿ ಹತ್ತಿದ ಖಾಸಗಿ ಬಸ್ಸು ನಾನು ಕೂರುವವರೆಗೂ ಕಾಯಲಿಲ್ಲ. ಕುಂದಾಪುರದಲ್ಲಿ ಬಸ್ಸು ಬದಲಿಸಿದೆ. ಮರವಂತೆ ಬಂತು: ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ. ನಾನು ಗಟ್ಟಿಯಾಗಿ 'ಆಹಾ' ಅಂದುಬಿಟ್ಟೆ. ಪಕ್ಕದವರು ಕಣ್ಣು ತೆರೆದು, ನನಗೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ನಿದ್ದೆ ಹೋದರು. ಈ ಊರಿನವರ ಸ್ವಭಾವ ನನಗೆ ಆಗಲೇ ಅರ್ಥವಾಗಬೇಕಿತ್ತು.

ಹುಡುಗನ ತಂದೆ ಶೀನಣ್ಣ ಗದ್ದೆ ಕೆಲಸದವರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿವೆ, ಅಡುಗೆ ಅವರದೇ. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ ಬಡಿಸಿದರು. ನಾನು ಒಂದೊಂದಕ್ಕೂ ಒಂದೊಂದು ವಿಶೇಷಣ ಖರ್ಚು ಮಾಡಿದೆ. ಅವರು ಇನ್ನೊಂದು ಸೌಟು ಬಡಿಸಿದರೇ ಹೊರತು ಮುಖ ಅರಳಲಿಲ್ಲ. ಕೊನೆಗೆ ತಡೆಯಲಾರದೆ, ನಮ್ಮ ಹುಡುಗಿಯನ್ನು ನೋಡಿದ್ದೀರಲ್ಲ, ಹೇಗನ್ನಿಸಿದಳು ಎಂದು ಕೇಳಿದೆ.

"ಹುಡ್ಗಿ ಅಡ್ಡಿಲ್ಲೆ" ಅಂದರು.

ಅಷ್ಟೇ. ಅಡ್ಡಿ ಇಲ್ಲ! ಬಿಡಿಸಿದರೆ ಲೋಪಸಂಧಿ, ಅರ್ಥ ಮಾಡಿದರೆ ಪಾಸು ಮಾರ್ಕು. ಚಿನ್ನದಂಥ ಮಗಳಿಗೆ ಇಷ್ಟೇನಾ? ಇಂಥ ಮನೆಗೆ ಕೊಡುವುದಿಲ್ಲ ಎಂದು ಕೈ ತೊಳೆಯುವಾಗಲೇ ತೀರ್ಮಾನಿಸಿ, ಬಸ್ಸಿನ ಹೊತ್ತಾಯಿತು ಎಂದೆ.

"ಬನ್ನಿ ಮಾಷ್ಟ್ರೇ, ಮದ್ಗ ಕಂಡ್ಕಂಡ್ ಬಪ್ಪ" ಎಂದು ತೋರಿಸಲು ಅವರು ಹೊರಟೇಬಿಟ್ಟರು.

ಮದಗ ಎಂದರೆ ಗದ್ದೆಗೆ ನೀರುಣಿಸುವ ಅವರ ಕೆರೆ. ತುಂಬಿತ್ತು, ಅಂಚಿನಲ್ಲಿ ನೈದಿಲೆ, ಕೆಳಗೆ ಸುಗ್ಗಿ ಬೆಳೆಯ ಎಳೆ ಹಸಿರು. ನೀರು ಅಡ್ಡಿಲ್ಲೆ ಎಂದರು ಶೀನಣ್ಣ. ಗದ್ದೆಯೂ ಅಡ್ಡಿಲ್ಲೆ. ಕಾಲುವೆಯಲ್ಲೊಂದು ಕಡೆ ಕಳೆ ಸಿಕ್ಕಿಕೊಂಡಿತ್ತು. ಬಗ್ಗಿ ಅದನ್ನು ಕಿತ್ತೆಸೆದು, ನೀರು ಗದ್ದೆಗೆ ಇಳಿಯುವುದನ್ನೇ ನೋಡುತ್ತ ನಿಂತರು. ನೀರಿಗೆ ಅಡ್ಡಿಯಿಲ್ಲದಿರುವುದು ಈ ಜನಕ್ಕೆ ಸಣ್ಣ ಮಾತಲ್ಲವೇನೋ ಎಂದು ಆಗ ನನಗೆ ಹೊಳೆಯಿತು. ಆದರೆ ಮುನಿಸು ಇಳಿದಿರಲಿಲ್ಲ. ತೂಬು ಬಿಡುವುದು, ಕಟ್ಟುವುದು ಎಲ್ಲ ಮೊದಲು ಹೆಂಡತಿಯದೇ ಕೆಲಸವಾಗಿತ್ತು ಎಂದು ಅವರು ಹೇಳಿದಾಗ, ಕುಚೋದ್ಯಕ್ಕೇ ಕೇಳಿದೆ: ನಿಮ್ಮ ಮನೆಯವರು ಹೇಗಿದ್ದರು?

ಅವರು ತೂಬಿನ ಕಡೆ ತಿರುಗಿದರು.

"ಅವ್ಳಾ? ಅವ್ಳ್ ಅಡ್ಡಿಲ್ಲೆ."

ಮೇಷ್ಟರ ಕಿವಿ ಭೂತಕಾಲದ ಕ್ರಿಯಾಪದಕ್ಕಾಗಿ ಕಾದು ನಿಂತಿತು. ಅದು ಬರಲಿಲ್ಲ. ಶೀನಣ್ಣ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. ಬೆವರುವಂಥ ಬಿಸಿಲೇನೂ ಇರಲಿಲ್ಲ. ಆ ಒಂದು ಮಾತನ್ನೇ ಅವರು ಮಧ್ಯಾಹ್ನ ನನ್ನ ಮಗಳಿಗೂ ಕೊಟ್ಟಿದ್ದರು. ನನಗೆ ನಾಚಿಕೆಯಾಯಿತು. ಮುಹೂರ್ತ ನೋಡಿಸೋಣ ಅಂದೆ. ಅವರು ತಲೆಯಾಡಿಸಿ ಇನ್ನೊಂದು ಕಳೆಗೆ ಬಗ್ಗಿದರು.

ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತ ಹೆಂಡತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಮಗಳ ಮದುವೆ ಗೊತ್ತಾದದ್ದಕ್ಕೆ ಅವಳಿಗೆ ಖುಷಿಯೋ ಖುಷಿ. ಆಮೇಲೆ ಕೇಳಿದಳು:

"ರೀ, ಮದುವೆಯಾದಾಗಿನಿಂದ ನನ್ನ ಸಾರನ್ನ ಹೊಗಳ್ತಾನೇ ಇದ್ದೀರಿ. ಸಾರು ಮಾಡಿದವಳು ಹೇಗೆ ಅಂತ ಯಾರಾದ್ರೂ ಕೇಳಿದ್ರೆ ಏನಂತೀರಿ?"

ಬಾಯಿ ತೆರೆದೆ. ಮೇಷ್ಟರಾಗಿ ಕೂಡಿಟ್ಟ ಅಷ್ಟು ವಿಶೇಷಣಗಳಲ್ಲಿ ಒಂದೂ ಅವಳಿಗೆ ಸಾಟಿಯಾಗಲಿಲ್ಲ. ಬಸ್ಸು ಬಂತು, ನಿಂತಿತು, ಕಂಡಕ್ಟರನ ಸೀಟಿಗೆ ಹೊರಟೂ ಹೋಯಿತು. ನಾನು ಫೋನು ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದೆ.

"ಸರಿ ಬಿಡಿ, ಗೊತ್ತಾಯ್ತು" ಅಂದಳು. ದನಿಯಲ್ಲಿ ನಗುವಿತ್ತು.